ಶಾಲೆ ಮುಚ್ಚಿದಾಗ ಪುಟಾಣಿಗಳ ಮನೆಗೆ ಕಥೆ: ಸ್ಟೋರಿವೀವರ್ ಎಷ್ಟು ಕೆಲಸಕ್ಕೆ ಬರುತ್ತದೆ?

ಅಕ್ಷರವೇ ಗೊತ್ತಿಲ್ಲದ ಮಗುವಿಗೆ ಪುಸ್ತಕದ ವೆಬ್‌ಸೈಟ್ ಯಾಕೆ ಅಂತ ನನ್ನನ್ನು ಎಷ್ಟೋ ಅಮ್ಮಂದಿರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ನಾನು ಪುಟ್ಟ ಮಕ್ಕಳಿಗೆ ಕಲಿಸುವವಳು. 2020ರಲ್ಲಿ ಶಾಲೆಗಳೆಲ್ಲ ಮುಚ್ಚಿದಾಗ ನಮ್ಮ ಮಕ್ಕಳ ಮನೆಗಳಿಗೆ ಏನಾದರೂ ಕಳಿಸಬೇಕು ಅಂತ ಹುಡುಕುತ್ತಾ ಮಕ್ಕಳ ಚಿತ್ರಪುಸ್ತಕಗಳ ವೆಬ್‌ಸೈಟ್ ಆದ ಸ್ಟೋರಿವೀವರ್‌ಗೆ ಬಂದೆ, ಆಮೇಲೆ ಬಿಟ್ಟಿಲ್ಲ. ಜ್ವರ ಹರಡಿದೆ ಅಂತಲೋ, ಮಳೆ ಜಾಸ್ತಿ ಅಂತಲೋ, ಬಿಸಿಲು ತಡೆಯಲು ಆಗುತ್ತಿಲ್ಲ ಅಂತಲೋ ಶಾಲೆಗೆ ರಜೆ ಕೊಟ್ಟಾಗಲೆಲ್ಲ ಮತ್ತೆ ಅದನ್ನೇ ತೆರೆಯುತ್ತೇನೆ. ಇಷ್ಟು ಕಾಲ ಬಳಸಿದ ಮೇಲೆ, ಐದು ವರ್ಷದೊಳಗಿನ ಮಕ್ಕಳಿರುವ ಮನೆಗಳ ಕಡೆಯಿಂದಲೇ ನೋಡಿ ಇದನ್ನು ಬರೆಯುತ್ತಿದ್ದೇನೆ. ಓದಲು ಬರುವ ದೊಡ್ಡ ಮಕ್ಕಳ ಮಾತು ಬೇರೆ, ಅದನ್ನು ಇಲ್ಲಿ ತೆಗೆಯುವುದಿಲ್ಲ.

ಯಾವುದೇ ಕಥೆ ಸೇವೆಯನ್ನು ನಾನು ಅಳೆಯುವುದು ಒಂದೇ ಪ್ರಶ್ನೆಯಿಂದ. ಕಥೆ ಮುಗಿದ ಮೇಲೆ ಮನೆಯಲ್ಲಿ ಮಾತು ಹುಟ್ಟಿತಾ? ಮಗು ಸುಮ್ಮನೆ ಕೂತಿತು, ಅಳಲಿಲ್ಲ, ಅಮ್ಮನಿಗೆ ಕೆಲಸ ಮಾಡಲು ಬಿಟ್ಟಿತು ಅನ್ನುವುದೂ ಮುಖ್ಯವೇ, ಮನೆಯಲ್ಲೇ ಆಫೀಸು, ಮನೆಯಲ್ಲೇ ಮಗು ಇಟ್ಟುಕೊಂಡವರ ಕಷ್ಟ ನನಗೆ ಗೊತ್ತು. ಆದರೆ ಅದಕ್ಕೆ ಕಥೆಯೇ ಬೇಕು ಅಂತ ಇಲ್ಲ. ಪುಟ್ಟ ಮಕ್ಕಳ ಶಾಲೆ ಮುಚ್ಚಿದಾಗ ನಿಜವಾಗಿ ನಿಂತು ಹೋಗುವುದು ಪಾಠ ಅಲ್ಲ, ಮಾತು. ಅಲ್ಲಿ ಮಗು ದಿನವಿಡೀ ಮಾತಿನ ನಡುವೆ ಇರುತ್ತದೆ. ಗೆಳೆಯನ ಹತ್ತಿರ ಜಗಳ, ನಮ್ಮ ಹತ್ತಿರ ದೂರು, ಇಲ್ಲದ ಆನೆ ಬಂತು ಅಂತ ಸುಳ್ಳು ಸುಳ್ಳೇ ಕಥೆ, ನೂರು ಸಲ ‘ಯಾಕೆ’. ಮನೆ ಸೇರಿದ ಮೇಲೆ ಇದರಲ್ಲಿ ಅರ್ಧ ಇಲ್ಲವಾಗುತ್ತದೆ. ಉಳಿದರ್ಧಕ್ಕೆ ದಣಿದ ದೊಡ್ಡವರೊಬ್ಬರೇ ಉತ್ತರ ಕೊಡಬೇಕು.

ಈ ವಯಸ್ಸಿನವರನ್ನು ಎಷ್ಟು ಮರೆತಿದ್ದೆವು ಅನ್ನುವುದಕ್ಕೆ ಯುನಿಸೆಫ್ 2020ರ ಆಗಸ್ಟ್‌ನಲ್ಲಿ ಕೊಟ್ಟ ಲೆಕ್ಕ ನೋಡಿ. ದೂರದಿಂದ ಕಲಿಯುವ ಯಾವ ದಾರಿಯೂ ತಲುಪದ ಮಕ್ಕಳು ಪ್ರಪಂಚದಲ್ಲಿ ಕಡಿಮೆ ಅಂದರೂ 46 ಕೋಟಿ, ಅದರಲ್ಲಿ ಸುಮಾರು 12 ಕೋಟಿ ಮಕ್ಕಳು ಒಂದನೇ ತರಗತಿಗೂ ಮೊದಲಿನವರು. ದೊಡ್ಡ ಮಕ್ಕಳಿಗೆ ಟಿವಿ ಪಾಠ, ರೇಡಿಯೊ ಪಾಠ, ಆನ್‌ಲೈನ್ ತರಗತಿ ಅಂತ ಏನೋ ಒಂದು ಬಂತು. ಮೂರು ವರ್ಷದ ಮಗುವಿಗೆ ಏನು ಕಳಿಸಬೇಕು ಅಂತ ತುಂಬಾ ಕಡೆ ಯಾರೂ ಯೋಚಿಸಿರಲೇ ಇಲ್ಲ.

ಇನ್ನು ಸ್ಟೋರಿವೀವರ್ ವಿಷಯಕ್ಕೆ ಬರುತ್ತೇನೆ. ಇದು ಪ್ರಥಮ್ ಬುಕ್ಸ್ ಅನ್ನುವ, ಲಾಭಕ್ಕಾಗಿ ನಡೆಯದ ಪ್ರಕಾಶನ ಸಂಸ್ಥೆ 2015ರಲ್ಲಿ ಶುರು ಮಾಡಿದ್ದು. ಮಕ್ಕಳ ಚಿತ್ರಪುಸ್ತಕಗಳು ಇಲ್ಲಿ 300ಕ್ಕೂ ಹೆಚ್ಚು ಭಾಷೆಗಳಲ್ಲಿ ಇವೆ, ಕನ್ನಡದಲ್ಲಿ ಧಾರಾಳವಾಗಿ ಇವೆ. ಓದಲು ದುಡ್ಡು ಕೊಡಬೇಕಾಗಿಲ್ಲ. ಭಾಷೆ ಆರಿಸಿ, ಹಂತ ಆರಿಸಿ, ಪುಸ್ತಕ ಒತ್ತಿದರೆ ಪುಟಗಳು ತೆರೆದುಕೊಳ್ಳುತ್ತವೆ. ಪಿಡಿಎಫ್ ಇಳಿಸಿಕೊಂಡು ಪ್ರಿಂಟ್ ಹಾಕಬಹುದು. ಬಳಸುವ ಬಗೆ ಕಲಿಯಲು ಕಷ್ಟ ಏನೂ ಇಲ್ಲ, ಅದರ ಬಗ್ಗೆ ಜಾಸ್ತಿ ಬರೆಯುವುದು ಬೇಡ.

ಬರೆಯಬೇಕಾದ್ದು ಪರವಾನಗಿ ಬಗ್ಗೆ. ಕೇಳಲು ಸಪ್ಪೆ ವಿಷಯ, ಆದರೆ ಶಾಲೆ ಮುಚ್ಚಿದ ಹೊತ್ತಿನಲ್ಲಿ ನನ್ನ ಮಟ್ಟಿಗೆ ಇಡೀ ಸೇವೆಯ ಅತಿ ದೊಡ್ಡ ಉಪಕಾರ ಇದೇ. ಸಾಮಾನ್ಯ ಮಕ್ಕಳ ಪುಸ್ತಕವನ್ನು ನಾನು ತರಗತಿಯಲ್ಲಿ ಓದಿ ಹೇಳುವುದು ಒಂದು, ಅದನ್ನೇ ರೆಕಾರ್ಡ್ ಮಾಡಿ ಎಲ್ಲರಿಗೂ ಕಳಿಸುವುದು ಇನ್ನೊಂದು. ಎರಡನೆಯದಕ್ಕೆ ಹಕ್ಕು ಇರುವವರ ಒಪ್ಪಿಗೆ ಬೇಕಾಗುತ್ತದೆ. 2020ರಲ್ಲಿ ಹಲವು ದೇಶಗಳ ಪ್ರಕಾಶಕರು ಶಿಕ್ಷಕರಿಗೆ, ಗ್ರಂಥಾಲಯಗಳಿಗೆ ಇಷ್ಟು ದಿನದವರೆಗೆ ಓದಿ ಹಾಕಬಹುದು, ಆಮೇಲೆ ತೆಗೆದುಬಿಡಬೇಕು ಅಂತ ತಾತ್ಕಾಲಿಕ ಅನುಮತಿ ಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು, ಆದರೆ ಒಬ್ಬೊಬ್ಬರದು ಒಂದೊಂದು ನಿಯಮ, ಒಂದೊಂದು ಗಡುವು. ಸ್ಟೋರಿವೀವರ್ ಪುಸ್ತಕಗಳು ಬಹುಮಟ್ಟಿಗೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬರುತ್ತವೆ. ಅಂದರೆ ಬರೆದವರು, ಚಿತ್ರ ಬಿಡಿಸಿದವರು, ಅನುವಾದಿಸಿದವರು, ಪ್ರಕಾಶಕರು ಇವರ ಹೆಸರು, ಪರವಾನಗಿ ಹೇಳಿ, ಏನಾದರೂ ಬದಲಿಸಿದ್ದರೆ ಅದನ್ನೂ ತಿಳಿಸಿದರೆ ಸಾಕು, ಓದಿ ರೆಕಾರ್ಡ್ ಮಾಡಬಹುದು, ಪ್ರಿಂಟ್ ಹಾಕಿ ಹಂಚಬಹುದು, ನಮ್ಮ ಮಕ್ಕಳ ಮಾತಿಗೆ ಬದಲಿಸಿಕೊಳ್ಳಬಹುದು. ಪುಸ್ತಕದ ಕೊನೆಯ ಪುಟಗಳಲ್ಲಿ ಪರವಾನಗಿ ವಿವರ ಇರುತ್ತದೆ, ರೆಕಾರ್ಡ್ ಮಾಡುವ ಮುಂಚೆ ಒಂದು ಸಲ ಕಣ್ಣಾಡಿಸಿ. ನಾನು ಪ್ರತಿ ಧ್ವನಿ ಸಂದೇಶದ ಶುರುವಿಗೇ ಹೆಸರುಗಳನ್ನು ಹೇಳಿಬಿಡುತ್ತಿದ್ದೆ. ಇದರಿಂದ ನಾನು ಎಣಿಸದ ಒಂದು ಲಾಭವೂ ಆಯಿತು: ಕಥೆಯನ್ನು ಯಾರೋ ಒಬ್ಬರು ಬರೆಯುತ್ತಾರೆ, ಚಿತ್ರವನ್ನು ಯಾರೋ ಬಿಡಿಸುತ್ತಾರೆ ಅನ್ನುವುದು ಮಕ್ಕಳ ತಲೆಗೆ ಹೋಯಿತು. ಒಬ್ಬಳು ತಾನು ಗೀಚಿದ ಚಿತ್ರ ಕಳಿಸಿ, ಅಮ್ಮನ ಬಾಯಲ್ಲಿ ‘ಬರೆದವರು ನಾನು, ಬಿಡಿಸಿದವರೂ ನಾನು’ ಅಂತ ಹೇಳಿಸಿದ್ದಳು.

ಈಗ ಹಂತಗಳ ವಿಷಯ. ಹೊಸದಾಗಿ ಬಂದ ಅಪ್ಪ ಅಮ್ಮಂದಿರು ತಡವರಿಸುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪುಸ್ತಕಗಳನ್ನು ನಾಲ್ಕು ಹಂತ ಮಾಡಿದ್ದಾರೆ. ಮೊದಲ ಹಂತದ ಪುಸ್ತಕದಲ್ಲಿ ಸುಮಾರು 250 ಪದಗಳ ಒಳಗೆ, ಎರಡನೆಯದರಲ್ಲಿ 600ರ ಒಳಗೆ, ಮೂರನೆಯದರಲ್ಲಿ 1500ರ ಒಳಗೆ, ನಾಲ್ಕನೆಯದು ಅದಕ್ಕಿಂತ ಉದ್ದ. ಪುಟ್ಟ ಮಗು ಅಂದರೆ ಮೊದಲ ಹಂತ ಅಂತ ಎಲ್ಲರೂ ಅಲ್ಲೇ ನಿಲ್ಲುತ್ತಾರೆ. ಆದರೆ ಈ ಹಂತಗಳನ್ನು ಮಾಡಿರುವುದು ತಾನೇ ಓದುವ ಮಗುವಿಗೆ, ಕೇಳುವ ಮಗುವಿಗೆ ಅಲ್ಲ. ಇದು ಗೊತ್ತಿದ್ದರೆ ಅರ್ಧ ಗೊಂದಲ ಹೋಗುತ್ತದೆ. ನಾಲ್ಕು ವರ್ಷದ ಮಗುವಿಗೆ ಒಂದಕ್ಷರವೂ ಬರದೇ ಇರಬಹುದು, ಆದರೆ ಎರಡನೇ ಹಂತದ ಕಥೆಯನ್ನು ಅದು ಬಾಯಿ ಬಿಟ್ಟುಕೊಂಡು ಕೇಳುತ್ತದೆ. ಕೆಲವು ಮಕ್ಕಳು ಮೂರನೇ ಹಂತದ ಕಥೆಯನ್ನೂ ಎರಡು ರಾತ್ರಿಗೆ ಹಂಚಿ ಹೇಳಿದರೆ ಖುಷಿಯಿಂದ ಕೇಳುತ್ತಾರೆ. ಮಗು ಓದುವುದಕ್ಕಿಂತ ಎಷ್ಟೋ ಮುಂಚೆ ಕೇಳಿ ಅರ್ಥ ಮಾಡಿಕೊಳ್ಳುತ್ತದೆ, ಅಲ್ವಾ? ಅದೇ ಒಂದೂವರೆ ವರ್ಷದ ಕೂಸಿಗೆ ಮೊದಲ ಹಂತವೂ ಉದ್ದ. ಆ ವಯಸ್ಸಿಗೆ ಪುಸ್ತಕದ ಒಂದು ಪುಟ ಸಾಕು. ನಾಯಿ ಎಲ್ಲಿದೆ, ನಾಯಿ ಏನನ್ನುತ್ತೆ, ಬೌ ಬೌ, ಮುಗಿಯಿತು. ಪದಗಳೇ ಇಲ್ಲದ ಚಿತ್ರಪುಸ್ತಕಗಳೂ ಇಲ್ಲಿ ಸಿಗುತ್ತವೆ, ತೀರಾ ಚಿಕ್ಕವರಿರುವ ಮನೆಗೆ ನಾನು ಮೊದಲು ಕಳಿಸುವುದು ಅವನ್ನೇ.

ಪದಗಳಿಲ್ಲದ ಪುಸ್ತಕಗಳ ಇನ್ನೊಂದು ಉಪಯೋಗ ಹೇಳಲೇಬೇಕು. ಓದಲು ಬಾರದ ಅಪ್ಪ ಅಮ್ಮ, ಅಜ್ಜಿ ತಾತ ಇರುವ ಮನೆಗಳು ಇವೆ. ‘ದಿನಾ ಮಗುವಿಗೆ ಓದಿ ಹೇಳಿ’ ಅಂತ ಸಂದೇಶ ಹಾಕಿದರೆ ಅವರಿಗೆ ಆಗುವುದು ಮುಜುಗರ ಮಾತ್ರ, ಅವರು ಉತ್ತರ ಕೊಡುವುದನ್ನೇ ನಿಲ್ಲಿಸುತ್ತಾರೆ. ಅದರ ಬದಲು ಒಂದು ಚಿತ್ರ ಕಳಿಸಿ ‘ಇದನ್ನು ನೋಡಿ ನಿಮಗೆ ತೋಚಿದ ಕಥೆ ಹೇಳಿ, ಹೇಳಿದ್ದನ್ನು ನನಗೂ ಕಳಿಸಿ’ ಅಂದಾಗ ಬಂದ ಧ್ವನಿ ಸಂದೇಶಗಳನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ನಾವು ಶಿಕ್ಷಕರು ಯಾರೂ ಹೇಳಲಾಗದಷ್ಟು ಚೆನ್ನಾಗಿ ಹೇಳಿದ ಅಜ್ಜಿಯರು ಇದ್ದರು. ನರಿ ಸ್ವರ ಬೇರೆ, ಮೊಲದ ಸ್ವರ ಬೇರೆ, ನಡುನಡುವೆ ಮೊಮ್ಮಗ ‘ಆಮೇಲೆ? ಆಮೇಲೆ?’ ಅನ್ನುವ ದನಿ. ಈ ಮನೆಗಳಿಗೆ ಬೇಕಾಗಿದ್ದು ಕಥೆ ಹೇಳುವ ಕಲೆ ಅಲ್ಲ, ಹೇಳಲು ಒಂದು ನೆಪ. ಸ್ಟೋರಿವೀವರ್ ಆ ನೆಪವನ್ನು ಚೆನ್ನಾಗಿ ಒದಗಿಸುತ್ತದೆ.

ಹಾಗಾದರೆ ಫೋನ್ ಹಿಡಿಸಬಹುದಾ? ಎಲ್ಲರೂ ಕೇಳುವ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರುವುದು ಸ್ಪಷ್ಟವಾಗಿದೆ. ಎರಡು ವರ್ಷ ತುಂಬುವ ತನಕ ಕೂತು ಪರದೆ ನೋಡುವುದು ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆ ಆದಷ್ಟೂ ಒಳ್ಳೆಯದು. ಜನ ಇಷ್ಟನ್ನು ಮಾತ್ರ ನೆನಪಿಟ್ಟುಕೊಂಡಿದ್ದಾರೆ. ಅದೇ ಮಾರ್ಗಸೂಚಿಯಲ್ಲಿ ಇನ್ನೊಂದು ಮಾತೂ ಇದೆ: ಮಗು ಕೂತಿರುವ ಹೊತ್ತಿನಲ್ಲಿ ನೋಡಿಕೊಳ್ಳುವವರ ಜೊತೆ ಓದುವುದು, ಕಥೆ ಕೇಳುವುದು ಒಳ್ಳೆಯದು ಅಂತ. ಸ್ಟೋರಿವೀವರ್ ಈ ಎರಡರ ನಡುವೆ ಇದೆ. ಅದು ಕಥೆಯೂ ಹೌದು, ಪರದೆಯೂ ಹೌದು. ಯಾವುದು ಆಗುತ್ತದೆ ಅನ್ನುವುದು ಫೋನು ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ನಿಂತಿದೆ.

ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪುಟ್ಟ ಮಕ್ಕಳ ಜೊತೆ ಅಪ್ಪ ಅಮ್ಮಂದಿರನ್ನು ಕೂರಿಸಿ, ಕಾಗದದ ಪುಸ್ತಕ, ಟ್ಯಾಬ್ಲೆಟ್ ಪುಸ್ತಕ ಎರಡನ್ನೂ ಓದಿಸಿ ನೋಡಿದರು. ಟ್ಯಾಬ್ಲೆಟ್ ಹಿಡಿದಾಗ ಕಥೆಯ ಬಗ್ಗೆ ಮಾತು ಕಡಿಮೆಯಾಯಿತು, ಒಟ್ಟಿಗೆ ಹಿಡಿದು ನೋಡುವುದೂ ಕಡಿಮೆಯಾಯಿತು. ನಾನು ಮನೆಗಳಲ್ಲಿ ಕಂಡದ್ದೂ ಇದನ್ನೇ. ಫೋನ್ ಕೈಗೆ ಬಂದ ಕೂಡಲೇ ಮಗುವಿನ ಬೆರಳು ಚಿತ್ರದ ಮೇಲಲ್ಲ, ಮುಂದಿನ ಪುಟದ ಗುರುತಿನ ಮೇಲೆ ಇರುತ್ತದೆ. ದೊಡ್ಡವರ ಮಾತೂ ಕಥೆ ಬಿಟ್ಟು ‘ಅದನ್ನು ಒತ್ತಬೇಡ, ಇರು, ಇರು’ ಅನ್ನುವುದಕ್ಕೇ ಮುಗಿದು ಹೋಗುತ್ತದೆ. ಇದು ಸ್ಟೋರಿವೀವರ್ ಒಂದರ ತೊಂದರೆ ಅಲ್ಲ, ಪರದೆ ಮೇಲೆ ಬರುವ ಎಲ್ಲ ಪುಸ್ತಕಗಳದ್ದೂ. ಪ್ರಿಂಟ್ ಹಾಕುವ ಅನುಕೂಲ ಇದ್ದರೆ ನಾಲ್ಕೈದು ಪುಸ್ತಕ ಪ್ರಿಂಟ್ ಹಾಕಿ ಹೊಲಿದು ಕೊಟ್ಟುಬಿಡಿ, ಕಪ್ಪು ಬಿಳುಪಾದರೂ ಸರಿ. ಮಗು ಬಣ್ಣ ತುಂಬಲಿ, ಮೂಲೆ ಹರಿಯಲಿ.

ಪ್ರಿಂಟ್ ಆಗದ ಮನೆಗಳಿಗೆ ನಾನು ಹೇಳುವುದು ಹೀಗೆ. ರಾತ್ರಿ ಮಗು ಮಲಗಿದ ಮೇಲೆ ನೀವೊಬ್ಬರೇ ಫೋನಿನಲ್ಲಿ ಕಥೆ ಓದಿಕೊಳ್ಳಿ, ಮೊದಲ ಹಂತದ್ದು ಓದಲು ಐದು ನಿಮಿಷವೂ ಬೇಡ. ಬೆಳಿಗ್ಗೆ ಫೋನ್ ಪಕ್ಕಕ್ಕಿಟ್ಟು ನಿಮ್ಮ ಮಾತಲ್ಲಿ ಹೇಳಿ. ಕಥೆಯ ಬೆಕ್ಕು ಮನೆಯ ದಿಂಬೇ ಆಗಲಿ, ಕಥೆಯ ಬೆಟ್ಟ ಮಡಚಿಟ್ಟ ಹೊದಿಕೆ ಆಗಲಿ. ಸಂಜೆ ಹೊತ್ತಿಗೆ ಬೇಕಾದರೆ ಚಿತ್ರಗಳನ್ನು ಒಂದು ಸಲ ತೋರಿಸಿ, ನೀವು ಬೆಳಿಗ್ಗೆ ಹೇಳಿದ ಬೆಕ್ಕು ಇದೇ ಅಂತ. ಆಗ ಮಗು ಪರದೆಯಲ್ಲಿ ಗುರುತು ಇರುವವರನ್ನು ಹುಡುಕುತ್ತದೆ, ಸುಮ್ನೆ ಸರಿಸುತ್ತಾ ಹೋಗುವುದಿಲ್ಲ. ಈ ಕ್ರಮ ಹಿಡಿದ ಮನೆಗಳಿಂದ ಬಂದ ದೂರು ಒಂದೇ: ‘ಮಿಸ್, ನಾನು ಪುಸ್ತಕದ ಹಾಗೆ ಹೇಳುವುದಿಲ್ಲ ಅಂತ ಇವನು ತಿದ್ದುತ್ತಾನೆ.’ ತಿದ್ದಲಿ, ಅದೂ ಮಾತೇ ಅಲ್ವಾ.

ಓದುತ್ತಾ ಏನು ಕೇಳಬೇಕು ಅನ್ನುವುದಕ್ಕೂ ಹಳೆಯ, ಗಟ್ಟಿಯಾದ ಕೆಲಸ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಜೊತೆಗಾರರು 1988ರಲ್ಲಿ ಎರಡರಿಂದ ಮೂರು ವರ್ಷದ ಆಸುಪಾಸಿನ ಮಕ್ಕಳ ಮನೆಗಳಲ್ಲಿ ನೋಡಿದ್ದು ಇದನ್ನೇ. ಅಪ್ಪ ಅಮ್ಮ ಸುಮ್ಮನೆ ಓದಿಕೊಂಡು ಹೋಗುವ ಬದಲು ಮಗುವನ್ನು ಪ್ರಶ್ನೆ ಕೇಳಿ, ಅದು ಹೇಳಿದ್ದಕ್ಕೆ ಇನ್ನೆರಡು ಪದ ಸೇರಿಸಿ ತಿರುಗಿ ಹೇಳಿದರೆ, ತಿಂಗಳೊಪ್ಪತ್ತಿನಲ್ಲೇ ಮಗುವಿನ ಮಾತು ಮುಂದೆ ಹೋಗುತ್ತದೆ. ಮಗು ‘ಲಾರಿ’ ಅಂದರೆ ನೀವು ‘ಹೂಂ, ದೊಡ್ಡ ಕೆಂಪು ಲಾರಿ’ ಅನ್ನುವುದು, ಅಷ್ಟೇ. ‘ಇದೇನು, ಅದೇನು’ ಅಂತ ಪರೀಕ್ಷೆ ಮಾಡುತ್ತಾ ಕೂತರೆ ಮಗುವಿಗೆ ಬೇಜಾರು ಬರುತ್ತದೆ. ‘ಇವನು ಯಾಕೆ ಅಳುತ್ತಿದ್ದಾನೆ ಅಂತೀಯಾ?’ ಅಂತ ಕೇಳಿ ಸ್ವಲ್ಪ ಹೊತ್ತು ಕಾಯಬೇಕು. ಕಾಯುವುದು ಕಷ್ಟ, ನಮಗೆಲ್ಲ ಮೌನ ಕಂಡರೆ ತುಂಬಿಬಿಡುವ ಅವಸರ. ಮೂರು ವರ್ಷದ ಮಗುವಿಗೆ ಯೋಚಿಸಿ, ಪದ ಹುಡುಕಿ, ಬಾಯಿಗೆ ತರಲು ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಹೊತ್ತು ಬೇಕು.

ಸ್ಟೋರಿವೀವರ್‌ನಲ್ಲಿ ರೀಡ್‌ಅಲಾಂಗ್ ಅಂತ ಒಂದು ಬಗೆ ಇದೆ. ಧ್ವನಿ ಕಥೆ ಓದುತ್ತಾ ಹೋದ ಹಾಗೆ ಆಯಾ ಪದ ಪರದೆಯಲ್ಲಿ ಎದ್ದು ಕಾಣುತ್ತದೆ. ಓದಲು ಶುರು ಮಾಡುತ್ತಿರುವ ಆರೇಳು ವರ್ಷದವರಿಗೆ ಇದು ತುಂಬಾ ಒಳ್ಳೆಯದು. ನಮ್ಮ ಪುಟಾಣಿಗಳಿಗೆ ನಾನು ಹೆಚ್ಚು ಕೊಡುವುದಿಲ್ಲ, ಯಾಕೆಂದರೆ ಅದರಲ್ಲಿ ಧ್ವನಿ ಮಗುವಿಗಾಗಿ ನಿಲ್ಲುವುದಿಲ್ಲ. ಎಲ್ಲ ಭಾಷೆಗಳಲ್ಲಿ ಒಂದೇ ಸಮನಾಗಿಯೂ ಇಲ್ಲ. ಆದರೂ ಒಂದು ಮಾತು ಅದರ ಪರವಾಗಿ ಹೇಳಬೇಕು. ಚಿತ್ರಗಳು ನಿಂತಲ್ಲೇ ನಿಲ್ಲುವ ಪುಸ್ತಕಕ್ಕೂ ಎಲ್ಲವೂ ಓಡಾಡುವ ಕಾರ್ಟೂನಿಗೂ ವ್ಯತ್ಯಾಸ ದೊಡ್ಡದು. ಆಗ ಅಮೆರಿಕದ ಸಿನ್ಸಿನಾಟಿಯಲ್ಲಿದ್ದ ಮಕ್ಕಳ ವೈದ್ಯ ಜಾನ್ ಹಟನ್ ಮತ್ತು ತಂಡದವರು ಮೂರರಿಂದ ಐದು ವರ್ಷದವರಿಗೆ ಬರೀ ಧ್ವನಿ, ಧ್ವನಿ ಜೊತೆ ನಿಂತ ಚಿತ್ರ, ಆನಿಮೇಷನ್ ಈ ಮೂರು ಬಗೆಯಲ್ಲಿ ಕಥೆ ಕೊಟ್ಟು ಮಿದುಳಿನ ಸ್ಕ್ಯಾನ್ ಮಾಡಿ ನೋಡಿದ್ದರು. ಭಾಷೆ, ನೋಟ, ಕಲ್ಪನೆಗೆ ಸಂಬಂಧಿಸಿದ ಭಾಗಗಳು ಚೆನ್ನಾಗಿ ಕೂಡಿ ಕೆಲಸ ಮಾಡಿದ್ದು ನಿಂತ ಚಿತ್ರದ ಕಥೆಯಲ್ಲಿ. ಆನಿಮೇಷನ್‌ನಲ್ಲಿ ಆ ಕೂಡುವಿಕೆ ಕಡಿಮೆ. ಹಾಗಾಗಿ ನಿಮಗೆ ಹದಿನೈದು ನಿಮಿಷ ಬಿಡುವು ಬೇಕೇ ಬೇಕು, ಬೇರೆ ದಾರಿ ಇಲ್ಲ ಅಂದಾಗ, ತಾನೇ ಮುಂದಿನ ವಿಡಿಯೊಗೆ ಹಾರುವ ಕಾರ್ಟೂನ್ ಆ್ಯಪ್‌ಗಿಂತ ಇದು ಎಷ್ಟೋ ವಾಸಿ. ಕಥೆ ಮುಗಿದರೆ ಮುಗಿಯಿತು. ಬಿಡುವು ಬೇಕು ಅಂತ ಯಾರೂ ತಪ್ಪಿತಸ್ಥರ ಹಾಗೆ ಕೂರಬೇಡಿ, ಆಮೇಲೆ ಆ ಕಥೆಯ ಬಗ್ಗೆ ಎರಡು ಮಾತು ಆಡಿ, ಸಾಕು.

ಇದೇ ಹೊತ್ತಿನಲ್ಲಿ ನಾನು ಬೇರೆ ಸೇವೆಗಳನ್ನೂ ನೋಡಿದೆ. ಒಂದು ಕಡೆ, ಹೆಸರು ಬೇಡ, ವಿಡಿಯೊ ಕರೆಯಲ್ಲಿ ನೇರ ಕಥೆ ಹೇಳುವ ಕಾರ್ಯಕ್ರಮ ಇತ್ತು. ಹೇಳುವವರು ಪ್ರತಿಭಾವಂತರು, ಬೊಂಬೆ ಇಟ್ಟುಕೊಂಡು ಹಾಡಿ ಕುಣಿದು ಹೇಳುತ್ತಿದ್ದರು. ಆದರೆ ಪರದೆ ತುಂಬಾ ಚಿಕ್ಕ ಚಿಕ್ಕ ಚೌಕಗಳು, ಎಲ್ಲರ ಧ್ವನಿಯೂ ಬಂದ್. ಒಂದು ಮಗು ಎದ್ದು ನಿಂತು ಏನೋ ಹೇಳುತ್ತಲೇ ಇತ್ತು, ಪರದೆ ಮುಟ್ಟಿ ಮುಟ್ಟಿ ಹೇಳುತ್ತಿತ್ತು, ಆ ಕಡೆಯಿಂದ ಉತ್ತರ ಇಲ್ಲ. ನನಗೆ ತುಂಬಾ ಸಂಕಟ ಆಯಿತು. ಆ ವಯಸ್ಸಿನಲ್ಲಿ ಉತ್ತರ ಬರುವುದೇ ಎಲ್ಲ. ಅಮೆರಿಕದ ಸಂಶೋಧಕಿ ಪೆಟ್ರೀಶಿಯಾ ಕೂಲ್ 2003ರಲ್ಲಿ ತೋರಿಸಿದ್ದೂ ಇದನ್ನೇ: ಇಂಗ್ಲಿಷ್ ಮಾತಾಡುವ ಮನೆಗಳ ಒಂಬತ್ತು ತಿಂಗಳ ಕೂಸುಗಳಿಗೆ ಎದುರು ಕೂತು ಆಟವಾಡುತ್ತಾ ಕಥೆ ಹೇಳಿದವರಿಂದ ಚೀನೀ ಭಾಷೆಯ ಧ್ವನಿಗಳು ಹತ್ತಿದವು, ಅದೇ ವ್ಯಕ್ತಿಯ ಅದೇ ಮಾತು ವಿಡಿಯೊದಲ್ಲಿ ಬಂದಾಗ ಹತ್ತಲಿಲ್ಲ. ಆದರೆ 2014ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಎರಡು ವರ್ಷ ದಾಟಿದ ಮಕ್ಕಳು ವಿಡಿಯೊ ಕರೆಯಿಂದ ಹೊಸ ಪದ ಕಲಿತರು. ಅಲ್ಲಿ ಎದುರಿನವರು ಮಗುವಿನ ಮಾತು ಕೇಳಿ, ಮಗುವಿಗೇ ಉತ್ತರ ಕೊಡುತ್ತಿದ್ದರು. ಮೊದಲೇ ರೆಕಾರ್ಡ್ ಮಾಡಿದ ವಿಡಿಯೊದಿಂದ ಕಲಿಯಲಿಲ್ಲ. ಪರದೆ ಇದೆಯಾ ಇಲ್ಲವಾ ಅನ್ನುವುದಕ್ಕಿಂತ ದೊಡ್ಡ ವಿಷಯ ಆ ಕಡೆ ಕೇಳಿಸಿಕೊಳ್ಳುವವರು ಇದ್ದಾರಾ ಅನ್ನುವುದು.

ಇದನ್ನು ನೋಡಿಕೊಂಡೇ ನಾವು ಎರಡು ಮೂರು ಮಕ್ಕಳನ್ನು ಮಾತ್ರ ಸೇರಿಸಿ ಚಿಕ್ಕ ಕರೆಗಳನ್ನು ಮಾಡತೊಡಗಿದೆವು. ಸ್ಟೋರಿವೀವರ್‌ನ ಒಂದು ಪುಟವನ್ನು ಪರದೆಗೆ ಹಾಕಿ, ಹೆಸರು ಹಿಡಿದು ಕರೆದು, ‘ನಿಮ್ಮನೆ ಬೆಕ್ಕೂ ಹೀಗೇ ಮಲಗುತ್ತಾ?’ ಅಂತ ಕೇಳುವುದು. ಹತ್ತು ನಿಮಿಷ, ಅದಕ್ಕಿಂತ ಜಾಸ್ತಿ ಬೇಡ. ಕೆಲವು ದಿನ ಒಂದೇ ಪುಟದಲ್ಲಿ ಕರೆ ಮುಗಿಯುತ್ತಿತ್ತು, ಕಥೆ ಏನಾಯಿತು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಪರವಾಗಿಲ್ಲ. ದೂರದಲ್ಲಿರುವ ಅಜ್ಜಿ ತಾತಂದಿರಿಗೂ ಈ ಕ್ರಮ ಹೇಳಿಕೊಡಿ. ‘ಊಟ ಆಯ್ತಾ, ಏನು ಮಾಡ್ತಿದ್ದೀಯ’ ಆದ ಮೇಲೆ ಮಗು ಫೋನ್ ಬಿಟ್ಟು ಓಡುತ್ತದೆ. ಇಬ್ಬರ ಮುಂದೆಯೂ ಒಂದೇ ಪುಸ್ತಕ ಇದ್ದರೆ ಮಾತಿಗೆ ಹಿಡಿತ ಸಿಗುತ್ತದೆ.

ಪುಸ್ತಕಗಳ ಗುಣಮಟ್ಟ ಹೇಗಿದೆ? ಚಿತ್ರಗಳು ಬಹುಪಾಲು ಚೆಂದ, ಕೆಲವಂತೂ ಗೋಡೆಗೆ ಅಂಟಿಸುವಷ್ಟು ಚೆಂದ. ಭಾಷೆ ಒಂದೇ ಸಮ ಇಲ್ಲ. ಇದು ಎಲ್ಲರಿಗೂ ತೆರೆದ ಜಾಗ, ಯಾರು ಬೇಕಾದರೂ ಕಥೆ ಬರೆಯಬಹುದು, ಅನುವಾದಿಸಬಹುದು. ಹಾಗಾಗಿ ಸಂಪಾದಕರು ನೋಡಿ ತಿದ್ದಿದ ಪುಸ್ತಕವೂ, ಪ್ರೀತಿಯಿಂದ ಯಾರೋ ಒಬ್ಬರು ಅನುವಾದಿಸಿದ್ದೂ ಅಕ್ಕಪಕ್ಕ ಇರುತ್ತವೆ. ದೊಡ್ಡವರು ಬಾಯಿಬಿಟ್ಟು ಓದಿದಾಗ ಇದು ಗೊತ್ತಾಗುತ್ತದೆ. ಮಗುವಿನ ಕಿವಿಗೆ ಸಲ್ಲದ ಗ್ರಾಂಥಿಕ ಪದ ನಡುವೆ ಬಂದರೆ ಓದುವವರೇ ತಡೆಯುತ್ತಾರೆ, ಲಯ ತಪ್ಪುತ್ತದೆ. ನನ್ನ ಸಲಹೆ ಇಷ್ಟೇ, ಕಳಿಸುವ ಮುಂಚೆ ಒಂದು ಸಲ ಗಟ್ಟಿಯಾಗಿ ಓದಿ ನೋಡಿ. ನಾಲಿಗೆ ತಡವರಿಸಿದ ಕಡೆ ನಿಮ್ಮ ಮನೆ ಮಾತು ಹಾಕಿಕೊಂಡು ಓದಿ. ಪರವಾನಗಿಯೇ ಅದಕ್ಕೆ ಜಾಗ ಬಿಟ್ಟಿದೆ. ಶುರುವಿಗೆ, ಪ್ರಕಾಶನ ಸಂಸ್ಥೆಗಳ ಹೆಸರಲ್ಲಿ ಬಂದ ಪುಸ್ತಕಗಳನ್ನು ಆರಿಸಿದರೆ ಹುಡುಕಾಟ ಕಡಿಮೆ.

ಇಷ್ಟೊಂದು ಪುಸ್ತಕ ಇರುವುದೇ ಪುಟ್ಟ ಮಕ್ಕಳ ಮನೆಗೆ ಒಂದು ತೊಡಕು ಅಂತ ನನಗೆ ಅನ್ನಿಸುತ್ತದೆ. ಉತ್ಸಾಹದ ಅಪ್ಪ ಅಮ್ಮ ದಿನಕ್ಕೆ ಮೂರು ಹೊಸ ಕಥೆ ತೆಗೆಯುತ್ತಾರೆ. ಬೇಡ. ಮೂರು ವರ್ಷದವರ ಮೇಲೆ ಸಂಶೋಧಕಿ ಜೆಸ್ಸಿಕಾ ಹಾರ್ಸ್ಟ್ ಮತ್ತು ಜೊತೆಗಾರರು 2011ರಲ್ಲಿ ಮಾಡಿದ ಕೆಲಸದಲ್ಲಿ, ಬೇರೆ ಬೇರೆ ಕಥೆ ಕೇಳಿದವರಿಗಿಂತ ಅದೇ ಕಥೆಯನ್ನು ಮತ್ತೆ ಮತ್ತೆ ಕೇಳಿದ ಮಕ್ಕಳು ಹೊಸ ಪದಗಳನ್ನು ಚೆನ್ನಾಗಿ ಕಲಿತರು, ಎರಡೂ ಗುಂಪು ಆ ಪದಗಳನ್ನು ಕೇಳಿದ್ದು ಅಷ್ಟೇ ಸಲವಾದರೂ. ಮೊದಲ ಸಲ ಕೇಳುವಾಗ ಮಗುವಿನ ಗಮನವೆಲ್ಲ ಮುಂದೇನಾಗುತ್ತದೆ ಅನ್ನುವುದರ ಮೇಲೆ. ಮುಂದೇನು ಅಂತ ಗೊತ್ತಾದ ಮೇಲೆ ಪದಗಳಿಗೆ, ಚಿತ್ರದ ಮೂಲೆಯಲ್ಲಿ ಕೂತ ಇರುವೆಗೆ ಗಮನ ಕೊಡಲು ಬಿಡುವಾಗುತ್ತದೆ. ಎಲ್ಲ ಏರುಪೇರಾದ ದಿನಗಳಲ್ಲಿ ಇದಕ್ಕೆ ಇನ್ನೊಂದು ಬೆಲೆಯೂ ಇದೆ. ಶಾಲೆ ಯಾವಾಗ ತೆರೆಯುತ್ತದೆ ಅಂತ ಅಪ್ಪನಿಗೂ ಗೊತ್ತಿಲ್ಲ, ಅಮ್ಮನಿಗೂ ಗೊತ್ತಿಲ್ಲ. ಆದರೆ ಕಥೆಯ ಆನೆಮರಿ ಕೊನೆಗೆ ಅಮ್ಮನ ಹತ್ತಿರ ಸೇರೇ ಸೇರುತ್ತದೆ ಅಂತ ಮಗುವಿಗೆ ಗೊತ್ತು, ನಿನ್ನೆಯೂ ಸೇರಿತ್ತು. ವಾರಕ್ಕೆ ಒಂದು ಕಥೆ ಸಾಕು. ಹೊಸದು ಬೇಕು ಅಂತ ಮಗು ಕೇಳುವ ತನಕ ಹಳೆಯದೇ ಇರಲಿ.

ಅಂಕ ಕೊಡಬೇಕು ಅಂದರೆ, ಪುಟಾಣಿಗಳ ಶಿಕ್ಷಕರಿಗೆ, ಗ್ರಂಥಾಲಯದವರಿಗೆ, ಮನೆ ಮನೆಗೆ ಕಥೆ ತಲುಪಿಸುವ ಯಾರಿಗಾದರೂ ಐದಕ್ಕೆ ಐದು, ಕಣ್ಣು ಮುಚ್ಚಿ ಕೊಡುತ್ತೇನೆ. ನೇರವಾಗಿ ಬಳಸುವ ಅಪ್ಪ ಅಮ್ಮಂದಿರಿಗೆ ನಾಲ್ಕು. ಆ ಒಂದು ಅಂಕ ಕಳೆದದ್ದು, ತೀರಾ ಚಿಕ್ಕವರಿಗೆ ಯಾವುದು ಸರಿ ಅಂತ ಆರಿಸಿಕೊಡುವ ಕೆಲಸ ಇನ್ನೂ ದೊಡ್ಡವರ ಮೇಲೆಯೇ ಬೀಳುತ್ತದೆ ಅನ್ನುವುದಕ್ಕೆ. ಹಂತಗಳ ಪಕ್ಕದಲ್ಲಿ ‘ಕೇಳುವ ಮಕ್ಕಳಿಗೆ’ ಅಂತ ಇನ್ನೊಂದು ದಾರಿ ಮಾಡಿ, ಪ್ರತಿ ಕಥೆಯ ಕೊನೆಗೆ ಮಗುವಿನ ಜೊತೆ ಮಾತಾಡಲು ಒಂದೆರಡು ಪ್ರಶ್ನೆ ಕೊಟ್ಟರೆ ನಾನು ಆ ಅಂಕವನ್ನೂ ಸೇರಿಸುತ್ತೇನೆ.

ಬಳಸಲು ಶುರು ಮಾಡುವವರಿಗೆ ಕೊನೆಯದಾಗಿ ಕೆಲಸದ ಮಾತು. ಶಾಲೆ ಮುಚ್ಚಿದ ಮೇಲೆ ಹುಡುಕಲು ಕೂರಬೇಡಿ, ಆಗ ಯಾರಿಗೂ ತಲೆ ಓಡುವುದಿಲ್ಲ. ಈಗಲೇ ಏಳೆಂಟು ಪುಸ್ತಕ ಇಳಿಸಿ ಇಟ್ಟುಕೊಳ್ಳಿ: ಪದಗಳಿಲ್ಲದ್ದು ಎರಡು, ಒಂದೇ ಸಾಲು ಮರಳಿ ಮರಳಿ ಬರುವುದು ಎರಡು, ನಗಿಸುವುದು ಎರಡು, ಹೆದರಿಕೆಯೋ ಬೇಜಾರೋ ಬಂದ ಮಗುವಿನ ಕಥೆ ಒಂದೆರಡು. ಮನೆಯಲ್ಲಿ ಒಂದೇ ಫೋನ್ ಇರುವವರು ಇದ್ದಾರೆ, ಅದು ಹಗಲು ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತದೆ, ಅವರಿಗೆ ಸಂದೇಶವನ್ನು ಸಂಜೆ ಕಳಿಸಿ. ಇಡೀ ಪಿಡಿಎಫ್ ಬೇಡ, ಡೇಟಾ ಮುಗಿಯುತ್ತದೆ. ಒಂದು ಚಿತ್ರ, ಎರಡು ನಿಮಿಷದ ಧ್ವನಿ, ಒಂದು ಪ್ರಶ್ನೆ, ಅಷ್ಟು ಸಾಕು. ಧ್ವನಿಯಲ್ಲಿ ಮಗುವಿನ ಹೆಸರು ಹೇಳಿ, ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ. ವಾಪಸ್ ಬಂದ ಪ್ರತಿ ಸಂದೇಶಕ್ಕೂ, ಅದು ಬರೀ ‘ಆಂ ಊಂ’ ಆಗಿದ್ದರೂ, ಉತ್ತರ ಕಳಿಸಿ. ಇಪ್ಪತ್ತು ಮನೆಗಿಂತ ಜಾಸ್ತಿ ಇದ್ದರೆ ಒಬ್ಬರಿಂದ ಆಗುವುದಿಲ್ಲ, ಜೊತೆಯವರನ್ನು ಸೇರಿಸಿಕೊಂಡು ಮನೆಗಳನ್ನು ಹಂಚಿಕೊಳ್ಳಿ.